ಓದುಗರ ಪ್ರಶ್ನೆ: ಅಡಿಕೆ ತೋಟದ ಮೇಲೊಂದು ಪುಟ್ಟ ವಿಮಾನ

ಪ್ರಶ್ನೆ: ಸನ್‌ಬೋರ್ಡ್ (ಹಗುರವಾದ ಫೋಮ್ ಹಾಳೆ) ಕತ್ತರಿಸಿ ನಾನೇ ಒಂದು ರಿಮೋಟ್ ವಿಮಾನ ಮಾಡಿದ್ದೇನೆ. ಕೈಯಿಂದ ಎಸೆದ ಕೂಡಲೇ ಮೂತಿ ಮೇಲೆತ್ತಿ, ಒಂದು ಕ್ಷಣ ನಿಂತಂತಾಗಿ, ಬಿದ್ದುಬಿಡುತ್ತದೆ. ಮೂರು ಸಲ ಹೀಗೇ ಆಯ್ತು. ದೊಡ್ಡ ಮೋಟಾರ್ ಹಾಕಲೇ ಸರ್?
– ಡಿಪ್ಲೊಮಾ ವಿದ್ಯಾರ್ಥಿ, ಸಾಗರ

ಉತ್ತರ: ಮೋಟಾರ್ ಬದಲಿಸಬೇಡಿ. ನಿಮ್ಮ ವಿಮಾನದ ಬಾಲ ಭಾರವಾಗಿರುವ ಹಾಗಿದೆ. ಮೂತಿ ವಿಪರೀತ ಮೇಲೆದ್ದಾಗ ಗಾಳಿ ರೆಕ್ಕೆಯ ಮೇಲ್ಭಾಗವನ್ನು ಬಿಟ್ಟು ಚದುರುತ್ತದೆ. ಎತ್ತುವ ಬಲ ಹೋಗುತ್ತದೆ. ಮೋಟಾರ್ ದೊಡ್ಡದಾದರೆ ಇನ್ನೂ ಎತ್ತರಕ್ಕೆ ಹೋಗಿ ಬೀಳುತ್ತದೆ, ಜಾಸ್ತಿ ಮುರಿಯುತ್ತದೆ.

ಮೊದಲು ಬ್ಯಾಟರಿ ಜೋಡಿಸಿ. ರೆಕ್ಕೆಯನ್ನು ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಅಳೆಯಿರಿ. ಅದು 18 ಸೆಂ.ಮೀ. ಇದ್ದರೆ, ಮುಂದಿನ ಅಂಚಿನಿಂದ 4.5ರಿಂದ 5 ಸೆಂ.ಮೀ. ಹಿಂದೆ ರೆಕ್ಕೆಯ ಅಡಿಗೆ ಎರಡೂ ಕಡೆ ಪೆನ್ನಿನಲ್ಲಿ ಗುರುತು ಮಾಡಿ. ಗುರುತಿನ ಮೇಲೆ ಒಂದೊಂದು ಬೆರಳಿಟ್ಟು ವಿಮಾನ ಎತ್ತಿ. ಅದು ಮಟ್ಟವಾಗಿ ನಿಲ್ಲಬೇಕು, ಇಲ್ಲವೇ ಮೂತಿ ತುಸು ಬಾಗಬೇಕು. ಬಾಲ ಇಳಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ.

ನನ್ನ ಮೊದಲ ವಿಮಾನವೂ ಹೀಗೇ ಬೀಳುತ್ತಿತ್ತು. ಬಾಲ ಮುರಿಯಬಾರದು ಅಂತ ಅಲ್ಲಿಗೆ ಗ್ಲೂಗನ್ನಿನ ಅಂಟು ಸುರಿದಿದ್ದೆ. ತೂಕದ ಕೇಂದ್ರದಿಂದ ಬಾಲ 60 ಸೆಂ.ಮೀ., ಮೂತಿ 20 ಸೆಂ.ಮೀ. ಇತ್ತು. ಅಂದರೆ ಬಾಲದಲ್ಲಿ 10 ಗ್ರಾಂ ಜಾಸ್ತಿಯಾದರೆ ಮೂತಿಗೆ 30 ಗ್ರಾಂ ಕಟ್ಟಬೇಕು. ನಾನು ಸೀಸ ಕಟ್ಟಲಿಲ್ಲ. ಮನೆಯ ಮೆತ್ತಿನಲ್ಲಿ ಕೂತು ಬ್ಲೇಡಿನಿಂದ ಅಂಟು ಕೆರೆದೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರ್‌ಗಳನ್ನು, ಅಂದರೆ ಸರ್ವೋಗಳನ್ನು, ರೆಕ್ಕೆಯ ಕೆಳಗೆ ತಂದೆ. ಆಮೇಲೆ ಕೊಯ್ಲು ಮುಗಿದ ಗದ್ದೆಗೆ ಹೋಗಿ, ಮೋಟಾರ್ ಚಾಲೂ ಮಾಡದೆ ಸುಮ್ನೆ ಎಸೆದೆ. ನೇರ ತೇಲಿಹೋಗಿ ಕೂಳೆಯ ಮೇಲೆ ಜಾರಿ ನಿಂತಿತು. ಓಡಿಹೋಗಿ ಎತ್ತಿಕೊಂಡೆ. ನೀವೂ ಮೊದಲು ಹೀಗೇ ಎಸೆದು ನೋಡಿ. ತೇಲದ ವಿಮಾನದ ಮೋಟಾರ್ ಚಾಲೂ ಮಾಡಬೇಡಿ.

ಪ್ರಶ್ನೆ: ಮಗ ವಿಮಾನದ ಬ್ಯಾಟರಿಗಳನ್ನು ಮಳೆಗಾಲದ ತೇವ ತಾಗದಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾನೆ. ಒಂದು ಉಬ್ಬಿದೆ. ಏನು ಮಾಡಲಿ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಅಕ್ಕಾ, ಇವತ್ತೇ ಅಲ್ಲಿಂದ ತೆಗೆಸಿ. ನಮ್ಮ ಕಡೆ ಎಲ್ಲವನ್ನೂ ಬೆಚ್ಚಗಿನ ಅಟ್ಟಕ್ಕೇ ಹಾಕಿ ರೂಢಿ, ಅಲ್ವಾ? ಇಂಥ ವಿಮಾನಕ್ಕೆ ಹಾಕುವ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಮಾತ್ರ ಬಿಸಿ ಆಗದು. ಬೆಂಕಿ ಹತ್ತಬಹುದು. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬಾರದು, ಚುಚ್ಚಲೂಬಾರದು. ಅಂಗಳದಲ್ಲಿ, ಮನೆಯಿಂದ ದೂರ, 12 ವೋಲ್ಟ್ ಬಲ್ಬಿಗೆ ಜೋಡಿಸಿ ಪೂರ್ತಿ ಖಾಲಿ ಮಾಡಿ ಇ-ತ್ಯಾಜ್ಯದವರಿಗೆ ಕೊಡಲಿ. ಉಳಿದವನ್ನು ಮಣ್ಣಿನ ಮಡಕೆಯಲ್ಲಿ, ತಂಪಾದ ಒಣ ಮೂಲೆಯಲ್ಲಿ ಇಡಿ. ಮಳೆಗಾಲವಿಡೀ ಹಾರಿಸದಿದ್ದರೆ ಒಂದೊಂದು ಸೆಲ್ಲಿನಲ್ಲೂ 3.8 ವೋಲ್ಟ್ ಇರಲಿ. 4.2ರವರೆಗೆ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೂ ಬ್ಯಾಟರಿ ಉಬ್ಬುತ್ತದೆ. ಮಗನನ್ನು ಬೈಯಬೇಡಿ, ಅವನು ಜೋಪಾನ ಮಾಡಲೆಂದೇ ಅಲ್ಲಿ ಇಟ್ಟಿದ್ದು.

ಪ್ರಶ್ನೆ: ಶಿವಮೊಗ್ಗದ ಸುತ್ತ ಎಲ್ಲಿ ಹಾರಿಸಬಹುದು?

ಉತ್ತರ: 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಶುರುವಾದ ಮೇಲೆ ಇದನ್ನು ನೋಡಿಕೊಳ್ಳಲೇಬೇಕು. 2021ರ ಡ್ರೋನ್ ನಿಯಮದ ಪ್ರಕಾರ ನಿಲ್ದಾಣದ ಸರಹದ್ದಿನಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿ ಎತ್ತರದವರೆಗೆ, ಅದರಾಚೆ ಹಸಿರು ವಲಯದಲ್ಲಿ (ಅನುಮತಿ ಬೇಡದ ಕಡೆ) 400 ಅಡಿಯವರೆಗೆ ಹಾರಿಸಬಹುದು. ಹೊರಡುವ ಮುಂಚೆ ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆ ನೋಡಿ.

ಪ್ರಶ್ನೆ: ಅಡಿಕೆ ಮರದ ತುದಿಗೆ ಸಿಕ್ಕಿಕೊಂಡರೆ?

ಉತ್ತರ: ತಕ್ಷಣ ಮೋಟಾರ್ ನಿಲ್ಲಿಸಿ. ಇಲ್ಲದಿದ್ದರೆ ಸೋಗೆಗೆ ಸಿಕ್ಕಿದ ಮೋಟಾರ್ ಸುಡುತ್ತದೆ. ನೀವು ಮರ ಹತ್ತಬೇಡಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕರೆಯಿರಿ. ಕಾರ್ಬನ್ ಫೈಬರ್ ದೋಟಿ ಇದ್ದವರು ಕೆಳಗೆ ನಿಂತೇ ರೆಕ್ಕೆಗೆ ಕೊಕ್ಕೆ ಹಾಕಿ ಬಿಡಿಸುತ್ತಾರೆ. ಇಬ್ಬರು ಜಮಖಾನೆ ಹಿಡಿದು ನಿಂತರೆ ವಿಮಾನ ಮುರಿಯದೆ ಬರುತ್ತದೆ. ಹತ್ತಿರ ಕರೆಂಟು ತಂತಿ ಇದ್ದರೆ ಮಾತ್ರ ದೋಟಿ ಎತ್ತಲೇಬೇಡಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಲೈನ್‌ಮನ್ ಬರುವವರೆಗೆ ವಿಮಾನ ಅಲ್ಲೇ ಇರಲಿ.