ಸ್ನಾನದ ಮನೆಯ ಟೈಲ್ಸ್ ಸಂದಿಯ ಹಳೆಯ ಗ್ರೌಟನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ತುಂಬಬಹುದೇ?

ತುಂಬಬಾರದು. ಷವರ್ ಕೆಳಗಿನ ಸಂದಿಗಳು ಕಪ್ಪಾಗಿವೆ, ಕೆಲವೆಡೆ ಗ್ರೌಟ್ ಪುಡಿಯಾಗಿ ಏಳುತ್ತಿದೆ, ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ತೇವ ಕಾಣಿಸಿಕೊಂಡಿದೆ, ಟೈಲ್ಸ್ ಕೆಲಸದವರು ಮಾತ್ರ ಮೇಲೊಂದು ಕೈ ವೈಟ್ ಸಿಮೆಂಟ್ ಎಳೆದರೆ ಸಾಕೆನ್ನುತ್ತಾರೆ ಎಂದು ಬರೆದಿದ್ದೀರಿ. ಹಾಗೆ ಎಳೆದ ತೆಳುಪದರವು ಸೋಪಿನ ಜಿಡ್ಡಿನ ಮೇಲೆ ಕೂತಿರುತ್ತದೆಯೇ ಹೊರತು ಟೈಲ್ಸ್ ಅಂಚನ್ನು ಹಿಡಿದುಕೊಳ್ಳುವುದಿಲ್ಲ. ನೀರು ಬೀಳುವ ಜಾಗದಲ್ಲಿ ಅದು ಬಹುಬೇಗ ಹಪ್ಪಳದಂತೆ ಎದ್ದುಬರುತ್ತದೆ. ಅಪಾರ್ಟ್‌ಮೆಂಟುಗಳ ದುರಸ್ತಿ ಕೆಲಸ ನೋಡಿಕೊಳ್ಳುವ ನನ್ನ ಅನುಭವದಲ್ಲಿ, ಈ ಕೆಲಸ ಎಷ್ಟು ಕಾಲ ಬಾಳುತ್ತದೆ ಎಂಬುದು ನೀವು ಯಾವ ಗ್ರೌಟ್ ತಂದಿರಿ ಎಂಬುದಕ್ಕಿಂತ ಹೆಚ್ಚಾಗಿ, ಹಳೆಯದನ್ನು ಎಷ್ಟು ಆಳಕ್ಕೆ ತೆಗೆದಿರಿ ಮತ್ತು ತುಂಬುವ ಮೊದಲು ಸಂದಿ ಎಷ್ಟು ಒಣಗಿತ್ತು ಎಂಬುದನ್ನು ಅವಲಂಬಿಸಿದೆ.

ಮೊದಲು ಕೆಳಮನೆಯ ತೇವದ ವಿಚಾರ. ಗ್ರೌಟ್ ಎಂಬುದು ವಾಟರ್‌ಪ್ರೂಫಿಂಗ್ ಅಲ್ಲ. ನೀರನ್ನು ತಡೆಯಬೇಕಾದ ಪದರ ಟೈಲ್ಸ್‌ನ ಅಡಿಯಲ್ಲಿರುತ್ತದೆ. ಗ್ರೌಟ್ ಬದಲಿಸಿ ಎಲ್ಲವೂ ಒಣಗಿದ ಮೇಲೆ ನೆಲದ ನೀರು ಹೋಗುವ ಟ್ರ್ಯಾಪ್‌ಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಆಗಲೂ ಕೆಳಗೆ ತೇವ ಹೆಚ್ಚಿದರೆ ದೋಷ ಆ ಪದರದಲ್ಲೋ ಪೈಪಿನಲ್ಲೋ ಇದೆ, ಅದನ್ನು ಯಾವ ಗ್ರೌಟೂ ಮುಚ್ಚಲಾರದು. ಹಾಗೆಯೇ ಕೆಲಸ ಶುರುಮಾಡುವ ಮುನ್ನ ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದು ಟೈಲ್ಸ್ ಮೇಲೂ ತಟ್ಟಿ ನೋಡಿ. ಟೊಳ್ಳು ಶಬ್ದ ಬರುವ, ಒತ್ತಿದರೆ ಅಲುಗಾಡುವ ಟೈಲ್ಸನ್ನು ಮೊದಲು ಕೂರಿಸದಿದ್ದರೆ ಅದರ ಸುತ್ತಲಿನ ಹೊಸ ಗ್ರೌಟ್ ಬಿರುಕು ಬಿಡುವುದು ಖಚಿತ.

ಇನ್ನು ತೆಗೆಯುವ ಕೆಲಸ. ಟೈಲ್ಸ್ ದಪ್ಪದ ಮೂರನೇ ಎರಡರಷ್ಟು ಆಳಕ್ಕೆ, ಅಂದರೆ ಗೋಡೆಯ 8 ಮಿಲಿಮೀಟರ್ ಟೈಲ್ಸ್‌ನಲ್ಲಿ ಸುಮಾರು 5 ಮಿಲಿಮೀಟರ್‌ವರೆಗೆ ಕೆರೆಯುವುದು ಒಳ್ಳೆಯದು. ತೀರಾ ಕಷ್ಟವಾದಲ್ಲಿಯೂ 2ರಿಂದ 3 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಕಾರ್ಬೈಡ್ ಅಂಚಿನ ಕೈ ಬ್ಲೇಡನ್ನು ಸಂದಿಯ ನಡುವೆ ಇಟ್ಟು ಮೊದಲು ಒಂದು ಗೆರೆ ಕೊರೆದುಕೊಂಡು, ಆಮೇಲೆ ಎರಡು ಬದಿಗೂ ಓರೆಮಾಡಿ ಎಳೆಯಬೇಕು. ಗ್ರೌಟ್ ಮೇಲೆ ಓಡುವಾಗ ಬ್ಲೇಡ್ ಮಂದವಾಗಿ ಗರಗರ ಎನ್ನುತ್ತದೆ. ಟೈಲ್ಸ್ ಅಂಚು ತಾಗಿದೊಡನೆ ಕೀರಲು ಸದ್ದು ಹೊರಡುತ್ತದೆ, ಅಲ್ಲಿ ಕೈ ಹಗುರ ಮಾಡಬೇಕು. ಬಿಳಿ ಗ್ರೌಟ್ ಆಗಿದ್ದರೆ ಪುಡಿಯ ಬಣ್ಣವನ್ನೂ ಗಮನಿಸಿ: ಬಿಳಿ ಹೋಗಿ ಬೂದು ಪುಡಿ ಬರಲಾರಂಭಿಸಿತೆಂದರೆ ನೀವು ಟೈಲ್ಸ್ ಕೂರಿಸಿದ ಗಾರೆಯನ್ನು ಮುಟ್ಟಿದ್ದೀರಿ, ಇನ್ನೂ ಕೆಳಗೆ ಹೋಗುವ ಅಗತ್ಯವಿಲ್ಲ. ಕೆಲಸದವರು ಬೇಗ ಮುಗಿಸಲೆಂದು ಗ್ರೈಂಡರ್ ತರುತ್ತಾರೆ. ಅಗಲ ಸಂದಿಯಿರುವ ನೆಲದಲ್ಲಿ ಪಳಗಿದ ಕೈಗೆ ಅದು ಸರಿ, ಆದರೆ ನಮ್ಮ ಹಳೆಯ ಮನೆಗಳಲ್ಲಿ ಸ್ಪೇಸರ್ (ಸಂದಿ ಬಿಡಲು ನಡುವೆ ಇಡುವ ಪ್ಲಾಸ್ಟಿಕ್ ತುಂಡು) ಇಡದೆ ಒಂದಕ್ಕೊಂದು ಒತ್ತಿ ಕೂರಿಸಿದ ಗೋಡೆ ಟೈಲ್ಸ್‌ನಲ್ಲಿ ಅದು ಹೊಳಪಿನ ಪದರವನ್ನು ಚಕ್ಕೆ ಎಬ್ಬಿಸದೆ ಬಿಡುವುದಿಲ್ಲ. ಅಂಥ ಕಿರಿದಾದ ಸಂದಿಗೆ ತುಂಡು ಹ್ಯಾಕ್ಸಾ ಬ್ಲೇಡೇ ಉತ್ತಮ. ಕನ್ನಡಕ ಮತ್ತು ಎನ್‌95 ಮಾಸ್ಕ್ ಇಲ್ಲದೆ ಕೂರಬೇಡಿ, ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಇರುತ್ತದೆ. ಟ್ರ್ಯಾಪ್ ಬಾಯಿಯನ್ನೂ ಮುಚ್ಚಿಡಿ, ಇಲ್ಲವಾದರೆ ಪುಡಿ ಪೈಪಿನೊಳಗೆ ಹೋಗಿ ಕಟ್ಟಿಕೊಳ್ಳುತ್ತದೆ.

ಪುಡಿಯನ್ನು ಬ್ರಷ್‌ನಿಂದಲೋ ವ್ಯಾಕ್ಯೂಮ್‌ನಿಂದಲೋ ತೆಗೆದು, ಫ್ಯಾನ್ ಹಾಕಿ ಒಂದೆರಡು ದಿನ ಒಣಗಲು ಬಿಡಿ. ಮನೆಯಲ್ಲಿ ಇನ್ನೊಂದು ಸ್ನಾನದ ಮನೆ ಇಲ್ಲದವರಿಗೆ ಈ ಹಂತವೇ ಕಷ್ಟ, ಆದರೂ ಇದನ್ನು ಬಿಡುವಂತಿಲ್ಲ.

ಷವರ್ ಜಾಗ ಮತ್ತು ನೆಲಕ್ಕೆ ಎಪಾಕ್ಸಿ (ರೆಸಿನ್ ಎಂಬ ಅಂಟಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಬೆರೆಸಿ ಮಾಡುವ ಗ್ರೌಟ್), ಮೇಲಿನ ಗೋಡೆಗೆ ಸಿಮೆಂಟ್ ಗ್ರೌಟ್ ಎಂಬುದು ನನ್ನ ಸಲಹೆ. ಎಪಾಕ್ಸಿ ದುಬಾರಿ, ಆದರೆ ನೀರು ಹೀರುವುದಿಲ್ಲ, ಕಲೆ ಹಿಡಿಯುವುದು ಕಡಿಮೆ. ಅದರ ರೆಸಿನ್ ಮತ್ತು ಹಾರ್ಡನರ್ ಅಳತೆ ಕಣ್ಣಂದಾಜಿನದ್ದಲ್ಲವಾದ್ದರಿಂದ ಪ್ಯಾಕ್ ಅನ್ನು ಪೂರ್ತಿ ಕಲಸಿ, ಸ್ವಲ್ಪ ಜಾಗ ತುಂಬಿದೊಡನೆಯೇ ಟೈಲ್ಸ್ ಮೇಲ್ಮೈ ಒರೆಸುತ್ತ ಹೋಗಬೇಕು. ಗಟ್ಟಿಯಾದ ಮೇಲೆ ಅದನ್ನು ಬಿಡಿಸುವುದು ಹಳೆಯ ಗ್ರೌಟ್ ಕೆರೆಯುವುದಕ್ಕಿಂತಲೂ ಕಷ್ಟ. ಸಿಮೆಂಟ್ ಗ್ರೌಟ್ ಆದರೆ 3 ಮಿಲಿಮೀಟರ್‌ಗಿಂತ ಅಗಲದ ಸಂದಿಗೆ ಮರಳು ಬೆರೆತದ್ದು, ಅದಕ್ಕಿಂತ ಕಿರಿದಾದದ್ದಕ್ಕೆ ಮರಳಿಲ್ಲದ್ದು ಬೇಕು. ಗಟ್ಟಿ ಪೇಸ್ಟ್ ಹದಕ್ಕೆ ಕಲಸಿ, ಐದು-ಹತ್ತು ನಿಮಿಷ ಬಿಟ್ಟು, ಮತ್ತೆ ನೀರು ಸೇರಿಸದೆ ಇನ್ನೊಮ್ಮೆ ಕಲಸಿ, ರಬ್ಬರ್ ಫ್ಲೋಟ್‌ನಿಂದ (ರಬ್ಬರ್ ತಳದ, ಹಿಡಿಯಿರುವ ಹಲಗೆ) ಸಂದಿಗೆ ಓರೆಯಾಗಿ ಎಳೆಯಿರಿ. ಸ್ವಲ್ಪ ಬಿಗಿದ ಮೇಲೆ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ. ನೀರು ಸೋರುವ ಸ್ಪಂಜು ಬಣ್ಣವನ್ನೂ ಬಲವನ್ನೂ ಒಟ್ಟಿಗೆ ತೊಳೆದುಬಿಡುತ್ತದೆ.

ಗ್ರೌಟ್ ಹಾಳಾದದ್ದಕ್ಕೆ ಬಾತ್‌ರೂಮ್ ಆಸಿಡ್ ಕಾರಣವಿರಬಹುದೇ ಎಂದೂ ಕೇಳಿದ್ದೀರಿ, ಇರಬಹುದು. ಬೋರ್‌ವೆಲ್ ನೀರಿನ ಬಿಳಿ ಕಲೆಯನ್ನು ಕರಗಿಸುವ ಹೈಡ್ರೋಕ್ಲೋರಿಕ್ ಆಮ್ಲ ಸಿಮೆಂಟನ್ನೂ ಕರಗಿಸುತ್ತದೆ. ಅದರ ಜತೆ ಬ್ಲೀಚ್ ಬೆರೆತರೆ ಕ್ಲೋರಿನ್ ಅನಿಲ ಹೊರಡುವುದರಿಂದ, ಮುಚ್ಚಿದ ಸ್ನಾನದ ಮನೆಯಲ್ಲಿ ಅದು ಪ್ರಾಣಾಪಾಯವೂ ಹೌದು. ಇನ್ನು ಮುಂದೆ ಸೌಮ್ಯವಾದ ಸೋಪಿನ ದ್ರಾವಣ ಬಳಸಿ, ಸ್ನಾನವಾದ ಮೇಲೆ ವೈಪರ್‌ನಿಂದ ನೀರನ್ನು ಎಳೆದುಬಿಡಿ.

ಗೋಡೆ ಮತ್ತು ನೆಲ ಸೇರುವ ಮೂಲೆಗಳಿಗೆ ಮಾತ್ರ ಗ್ರೌಟ್ ಬೇಡ, ಎರಡೂ ಬೇರೆ ಬೇರೆಯಾಗಿ ಅಲುಗುವುದರಿಂದ ಅಲ್ಲಿ ಅದು ಸೀಳುತ್ತದೆ. ಉಳಿದ ಗ್ರೌಟ್ ಪೂರ್ತಿ ಒಣಗಿದ ಮೇಲೆ, ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬೂಷ್ಟು ನಿರೋಧಕ ಸಿಲಿಕೋನ್ ಹಾಕಿಸಿ, ಹಸಿಯಿರುವಾಗಲೇ ಟೇಪ್ ಕಿತ್ತು, ಆ ಜಾಗಕ್ಕೆ ಒಂದು ದಿನ ನೀರು ಸೋಕದಂತೆ ನೋಡಿಕೊಳ್ಳಿ.