180 ವೋಲ್ಟ್, 5.1 ಆಂಪಿಯರ್: ನೀರು ಕಾಯಿಸುವ ರಾಡ್‌ನ ಲೆಕ್ಕ

ನೀವು ಕೇಳಿರುವುದು ಇಷ್ಟು. ನೀರು ಕಾಯಿಸುವ ರಾಡ್ ಮೇಲೆ 1500 ವ್ಯಾಟ್, 230 ವೋಲ್ಟ್ ಅಂತ ಇದೆ. ಸಂಜೆ ಪ್ಲಗ್ ಹತ್ತಿರ ಅಳೆದಾಗ ರಾಡ್ ಹಾಕುವ ಮುಂಚೆ 190 ವೋಲ್ಟ್ ಇತ್ತು, ಹಾಕಿದ ಮೇಲೆ 180 ಆಯಿತು. ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 5.1 ಆಂಪಿಯರ್ ತೋರಿಸಿತು. ಹಾಗಾದರೆ ರೆಸಿಸ್ಟೆನ್ಸ್ ಎಷ್ಟು, ಪವರ್ ಎಷ್ಟು? ವೋಲ್ಟೇಜ್ ಇಳಿದರೆ ರಾಡ್ ಜಾಸ್ತಿ ಕರೆಂಟ್ ಎಳೆದು ಬಿಲ್ ಏರುತ್ತದೆಯೇ?

ಲೆಕ್ಕ ಸುಲಭ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್: 180 ÷ 5.1 = 35.3 ಓಮ್. ಎರಡನ್ನೂ ಗುಣಿಸಿದರೆ ಪವರ್: 180 × 5.1 = 918 ವ್ಯಾಟ್. ಅಂದರೆ 1500 ವ್ಯಾಟ್‌ನ ರಾಡ್ ನಿಮ್ಮ ಮನೆಯಲ್ಲಿ ಸಂಜೆ ಹೊತ್ತು 918 ವ್ಯಾಟ್ ಮಾತ್ರ ಕೊಡುತ್ತಿದೆ.

ನಿಮ್ಮ ಅಳತೆ ಸರಿ ಇದೆಯಾ ಅಂತ ನೋಡಲು ರಾಡ್ ಮೇಲಿನ ಬರಹವೇ ಸಾಕು. 230ರ ವರ್ಗವನ್ನು 1500ರಿಂದ ಭಾಗಿಸಿ. 35.3 ಓಮ್ ಬರುತ್ತದೆ, ನೀವು ಅಳೆದದ್ದಕ್ಕೆ ಸರಿಯಾಗಿ ಹೊಂದುತ್ತದೆ. ಅಂದರೆ ರಾಡ್ ಚೆನ್ನಾಗಿದೆ, ಮೀಟರೂ ಸರಿಯಾಗಿ ಹಿಡಿದಿದ್ದೀರಿ. (ಕ್ಲ್ಯಾಂಪ್ ಒಳಗೆ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಒಂದು ಇನ್ನೊಂದನ್ನು ಕಳೆದು ಸೊನ್ನೆ ತೋರಿಸುತ್ತದೆ. ತುಂಬಾ ಜನ ಇಲ್ಲೇ ಎಡವುತ್ತಾರೆ.)

ಹೀಗೆ ಎರಡೂ ಹೊಂದಲು ಕಾರಣ ರಾಡ್ ಒಳಗಿನ ನೈಕ್ರೋಮ್ ತಂತಿ. ಕಾದರೂ ಅದರ ರೆಸಿಸ್ಟೆನ್ಸ್ ಹೆಚ್ಚು ಬದಲಾಗುವುದಿಲ್ಲ. ಹಳೆಯ ಕಾಲದ 60 ವ್ಯಾಟ್ ಬಲ್ಬ್ ಹಾಗಲ್ಲ. ಉರಿಯುವಾಗ ಅದು ಸುಮಾರು 880 ಓಮ್, ತಣ್ಣಗಿರುವಾಗ ಅಳೆದರೆ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ.

ಈಗ ಕರೆಂಟ್ ವಿಷಯ. ಕೆಲವರು 1500 ÷ 180 ಅಂತ ಹಾಕಿ 8.3 ಆಂಪಿಯರ್ ಅನ್ನುತ್ತಾರೆ. ಅದು ತಪ್ಪು. 1500 ವ್ಯಾಟ್ ಅನ್ನುವುದು 230 ವೋಲ್ಟ್ ಸಿಕ್ಕಾಗ ಮಾತ್ರ. ರಾಡ್‌ನಲ್ಲಿ ಬದಲಾಗದೆ ಇರುವುದು 35 ಓಮ್, ವ್ಯಾಟ್ ಅಲ್ಲ. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ. ಎರಡೂ ಇಳಿಯುವುದರಿಂದ ಪವರ್ ಇನ್ನೂ ಜೋರಾಗಿ ಬೀಳುತ್ತದೆ: ವೋಲ್ಟೇಜ್ ನೂರಕ್ಕೆ 78 ಉಳಿದರೆ ಪವರ್ ನೂರಕ್ಕೆ 61.

ಆದರೆ ನೀವು ಕೇಳಿದ ಮಾತು ಪೂರ್ತಿ ಸುಳ್ಳೂ ಅಲ್ಲ. ಅದು ಮೋಟರ್‌ಗೆ ಸೇರಿದ್ದು. ಪಂಪ್ ಎತ್ತಬೇಕಾದ ನೀರು ಅಷ್ಟೇ ಇರುತ್ತದೆ, ಹಾಗಾಗಿ ವೋಲ್ಟೇಜ್ ಇಳಿದಾಗ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ, ಸುಟ್ಟೂ ಹೋಗುತ್ತದೆ. ಮೋಟರ್‌ಗೆ ಸುಮ್ನೆ ವೋಲ್ಟ್ × ಆಂಪಿಯರ್ ಹಾಕಿದರೂ ಸಾಲದು, ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು (ವೋಲ್ಟ್ × ಆಂಪಿಯರ್‌ನಲ್ಲಿ ಎಷ್ಟು ಪಾಲು ನಿಜವಾದ ಪವರ್ ಅನ್ನುವುದೇ ಅದು). 180 ವೋಲ್ಟ್, 8 ಆಂಪಿಯರ್, ಪವರ್ ಫ್ಯಾಕ್ಟರ್ 0.75 ಇದ್ದರೆ ನಿಜವಾದ ಪವರ್ 1080 ವ್ಯಾಟ್, 1440 ಅಲ್ಲ.

ಬಿಲ್ ಬಗ್ಗೆ ಹೆದರಬೇಡಿ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ಬೇಕು. 1500 ವ್ಯಾಟ್‌ನಲ್ಲಿ ಅದಕ್ಕೆ 28 ನಿಮಿಷ, 918 ವ್ಯಾಟ್‌ನಲ್ಲಿ ಸುಮಾರು 46 ನಿಮಿಷ. ಕಾಯುವ ಹೊತ್ತು ಹೆಚ್ಚು, ಯೂನಿಟ್ ಹೆಚ್ಚುಕಮ್ಮಿ ಅಷ್ಟೇ.

ನನಗೆ ನಿಜವಾಗಿ ಚಿಂತೆ ತಂದಿದ್ದು ನೀವು ಕೇಳದೆ ಬಿಟ್ಟ ಸಂಖ್ಯೆ. ರಾಡ್ ಹಾಕಿದ ಕೂಡಲೇ 190 ಇದ್ದದ್ದು 180 ಆಯಿತು, ಅಲ್ವಾ? ಆ 10 ವೋಲ್ಟ್ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ. ಅದೇ ಲೆಕ್ಕವನ್ನು ಇದಕ್ಕೂ ಹಾಕಿ. 10 ÷ 5.1, ಸುಮಾರು 2 ಓಮ್. 10 × 5.1, ಅಂದರೆ 51 ವ್ಯಾಟ್ ಶಾಖ ವೈರಿಂಗ್‌ನಲ್ಲೋ ಹೊರಗಿನ ಲೈನ್‌ನಲ್ಲೋ ಹುಟ್ಟುತ್ತಿದೆ.

2 ಓಮ್ ಜಾಸ್ತಿಯಾಯಿತು. 1.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಒಂದು ಕಿಲೋಮೀಟರ್‌ಗೆ ಸುಮಾರು 12 ಓಮ್. ಮೇನ್ ಬೋರ್ಡ್‌ನಿಂದ ಪ್ಲಗ್‌ಗೆ 20 ಮೀಟರ್ ಅಂದುಕೊಂಡರೂ ಹೋಗಿ ಬರಲು 40 ಮೀಟರ್, ಅರ್ಧ ಓಮ್ ಕೂಡ ಪೂರ್ತಿ ಆಗುವುದಿಲ್ಲ. ಉಳಿದ ಒಂದೂವರೆ ಓಮ್ ಎಲ್ಲಿಂದ ಬಂತು? ಕಂಬದಿಂದ ಮನೆಗೆ ಬರುವ ಉದ್ದನೆಯ ಸರ್ವಿಸ್ ಲೈನ್‌ನಲ್ಲಿ ಹಂಚಿಕೊಂಡಿದ್ದರೆ ಅಪಾಯವಿಲ್ಲ. ಆದರೆ ಯಾವುದೋ ಸಡಿಲ ಸ್ಕ್ರೂನಲ್ಲೋ ಸಾಕೆಟ್ ಒಳಗೋ ಒಂದೇ ಕಡೆ ಇದ್ದರೆ ಅಲ್ಲಿ 40 ವ್ಯಾಟ್‌ಗೂ ಹತ್ತಿರದ ಶಾಖ. ಸೀಸ ಕರಗಿಸುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತದೆ, ಯೋಚಿಸಿ ನೋಡಿ. ರಾಡನ್ನು 6 ಆಂಪಿಯರ್‌ನ ಚಿಕ್ಕ ಸಾಕೆಟ್‌ಗೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ವೋಲ್ಟೇಜ್ 230 ಬಂದ ದಿನ ಅದು 6.5 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್‌ನ ಪವರ್ ಪ್ಲಗ್ಗೇ ಬೇಕು.

ದೋಷ ಎಲ್ಲಿದೆ ಅಂತ ಹುಡುಕುವುದು ಹೀಗೆ. ಮೇನ್ ಬೋರ್ಡ್ ಹತ್ತಿರ ವೋಲ್ಟೇಜ್ ಅಳೆಯುತ್ತಿರಿ, ಇನ್ನೊಬ್ಬರು ರಾಡನ್ನು ಆನ್, ಆಫ್ ಮಾಡಲಿ. ರಾಡ್ ನೀರಿನಲ್ಲೇ ಇರಲಿ, ಆ ನೀರನ್ನು ಯಾರೂ ಮುಟ್ಟಬಾರದು. ಸಂಜೆ ಲೈನ್ ತಾನಾಗಿಯೇ ಏರಿಳಿಯುತ್ತದೆ, ಆದ್ದರಿಂದ ನಾಲ್ಕೈದು ಸಲ ಮಾಡಿ ನೋಡಿ. ಅಲ್ಲೂ 8-9 ವೋಲ್ಟ್ ಬಿದ್ದರೆ ದೋಷ ಬಹುತೇಕ ಹೊರಗಿನದು, ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಫೋನ್ ಮಾಡಿ ಸರ್ವಿಸ್ ಲೈನ್ ಜಾಯಿಂಟ್ ನೋಡಲು ಹೇಳಿ. ಅಲ್ಲಿ ಒಂದೆರಡು ವೋಲ್ಟ್ ಮಾತ್ರ ಬಿದ್ದು ಪ್ಲಗ್ ಹತ್ತಿರ 10 ಬಿದ್ದರೆ ದೋಷ ಮನೆಯೊಳಗೇ ಇದೆ. ಆಗ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಆ ಸಾಕೆಟ್ ಬಿಚ್ಚಿಸಿ. ಕಪ್ಪಾದ ಟರ್ಮಿನಲ್ ಸಿಕ್ಕರೆ ಸ್ಕ್ರೂ ಬಿಗಿ ಮಾಡಿ ಬಿಡಬೇಡಿ, ಸಾಕೆಟ್ಟನ್ನೇ ಬದಲಾಯಿಸಿ. ಮೇನ್ ಹತ್ತಿರ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನ ಲೆಕ್ಕ ಹಾಕಿ ಕೊಡುತ್ತೇನೆ.