ಎಂಟು ಚಿತ್ರ ಆಮೇಲೆ, ಮೊದಲು ಒಂದು ಬರೆಯಿರಿ

ಪ್ರಿಯ ಬರಹಗಾರರೇ,

ನಮಸ್ಕಾರ. ನಮ್ಮ ಪತ್ರಿಕೆಯ ಚಿತ್ರಕಥಾ ವಿಭಾಗಕ್ಕೆ ನೀವು ಕಳಿಸಿದ ‘ಏಳು ಕೆರೆಯ ವೀರರು’ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೆ ಬರೆಯಲೇಬೇಕು ಎಂಬ ಆಸೆ ನನಗಿದೆ, ಅದಕ್ಕೇ ಇಷ್ಟುದ್ದದ ಪತ್ರ. ನೀವು ಒಪ್ಪಿದ್ದರಿಂದ ಹೆಸರು ಬಿಟ್ಟು ಇಲ್ಲೇ ಅಚ್ಚು ಹಾಕುತ್ತಿದ್ದೇವೆ. ಇಂಥದೇ ಕನಸು ಹೊತ್ತ ಹಸ್ತಪ್ರತಿಗಳು ಈಚೆಗೆ ನಮಗೆ ಬರುತ್ತಲೇ ಇವೆ.

ಉಳಿದ ಓದುಗರಿಗಾಗಿ ನಿಮ್ಮ ಯೋಜನೆಯನ್ನು ಹೇಳಿಬಿಡುತ್ತೇನೆ. ಹಲಸೂರು, ಬೆಳ್ಳಂದೂರು, ವರ್ತೂರು, ಹೆಬ್ಬಾಳ, ಸ್ಯಾಂಕಿ, ಕೆಂಪಾಂಬುಧಿ, ಧರ್ಮಾಂಬುಧಿ. ಬೆಂಗಳೂರಿನ ಈ ಏಳು ಕೆರೆಗಳಿಂದ ಶಕ್ತಿ ಪಡೆದ ಏಳು ಮಂದಿ. ಒಬ್ಬೊಬ್ಬರಿಗೂ ಒಂದೊಂದು ಅನಿಮೇಷನ್ ಚಿತ್ರ, ಎಂಟನೆಯದರಲ್ಲಿ ಎಲ್ಲರೂ ಒಟ್ಟಾಗಿ ಕಾಲಾಂತಕನೆಂಬ ಖಳನನ್ನು ಎದುರಿಸುತ್ತಾರೆ. ಮೊದಲ ಚಿತ್ರದ ಪೂರ್ತಿ ಚಿತ್ರಕಥೆ ಇದೆ, ಉಳಿದವಕ್ಕೆ ಸಾರಾಂಶ. ಪ್ರತಿ ಚಿತ್ರದ ಕೊನೆಗೂ ಗುಹೆಯೊಂದರಲ್ಲಿ ಮುಖವಾಡದ ವ್ಯಕ್ತಿ ಬಂದು “ಸಮಯ ಹತ್ತಿರವಾಗುತ್ತಿದೆ” ಎನ್ನುತ್ತಾನೆ.

ನಿಮ್ಮ ಹನ್ನೆರಡನೇ ಪುಟ ನನ್ನನ್ನು ಹಿಡಿದು ನಿಲ್ಲಿಸಿತು. ನಡುರಾತ್ರಿ, ಹಲಸೂರಿನ ಒಂದು ಗಲ್ಲಿ. ಮೊದಲ ಚಿತ್ರದ ನಾಯಕಿ ಚಂದ್ರಿಯ ತಾತ ಬೀದಿ ಬೀದಿಗೆ ನೀರು ಬಿಡುವ ವಾಲ್ವ್‌ಮ್ಯಾನ್. ರಸ್ತೆಯ ಮುಚ್ಚಳ ಎತ್ತಿ, ಉದ್ದನೆಯ ಕಬ್ಬಿಣದ ಕೀ ಇಳಿಸಿ ತಿರುಗಿಸುತ್ತಾನೆ. ಆಮೇಲೆ ಕೀಯ ಮೇಲ್ತುದಿಗೆ ಕಿವಿ ಹಚ್ಚಿ, ಮೊಮ್ಮಗಳನ್ನೂ ಹತ್ತಿರ ಕರೆಯುತ್ತಾನೆ. “ಬತ್ತಾ ಐತೆ ಕಣಮ್ಮಿ, ಕೇಳಸ್ತಾ?” ಅವಳು ಕಿವಿ ಇಟ್ಟು, “ಇಲ್ಲ ತಾತ, ಇದ್ರಲ್ಲಿ ಬರೀ ಗಾಳಿ. ನೀರು ಆಚೆ ಬೀದಿಗೆ ಹೋಗ್ತೈತೆ” ಅನ್ನುತ್ತಾಳೆ. ತಾತ ಅವಳನ್ನೇ ನೋಡುತ್ತಾನೆ. ಅವಳ ಶಕ್ತಿ ಏನೆಂದು ಯಾರೂ ವಿವರಿಸಬೇಕಿಲ್ಲ, ನಮಗೆ ಗೊತ್ತಾಗಿಹೋಯಿತು. ಇಂಥ ದೃಶ್ಯ ಬರೆಯಬಲ್ಲವರಿಗೆ ನಾನು ಬರೀ ಸೌಜನ್ಯದ ಮಾತು ಹೇಳಿ ಕಳಿಸಲಾರೆ.

ಇಪ್ಪತ್ತನೇ ಪುಟದಲ್ಲಿ ಇದೇ ಚಂದ್ರಿ ಸಿಲ್ಕ್ ಬೋರ್ಡಿನಲ್ಲಿ ಒಂದು ಬಸ್ಸನ್ನು ತಲೆಯ ಮೇಲೆ ಎತ್ತುತ್ತಾಳೆ. ಅಲ್ಲಿಂದ ಕೊನೆಯವರೆಗೂ ಅವಳು ಒಮ್ಮೆಯೂ ನೀರಿಗೆ ಕಿವಿ ಕೊಡುವುದಿಲ್ಲ. ನೆಲದಡಿಯ ನೀರೆಲ್ಲ ಕೇಳಿಸುವ ಹುಡುಗಿಗೆ ಯಾರ ಮನೆಯ ಸಂಪು ತುಂಬುತ್ತಿದೆ, ಯಾರ ನಲ್ಲಿ ಒಣಗಿದೆ ಎಂಬುದೂ ಕೇಳಿಸಬೇಕಲ್ಲವೇ? ತಾತನೇ ಯಾರದೋ ಮುಲಾಜಿಗೆ ಬಿದ್ದು ಒಂದು ಬೀದಿಗೆ ಎರಡು ಸುತ್ತು ಹೆಚ್ಚು ತಿರುಗಿಸುತ್ತಿದ್ದರೆ? ಆ ಗುಟ್ಟು ಅವಳೊಬ್ಬಳಿಗೇ ಕೇಳಿಸಿದರೆ? ನಿಮ್ಮ ಮೊದಲ ಚಿತ್ರ ಅಲ್ಲಿದೆ. ಬಸ್ಸನ್ನು ಯಾರು ಬೇಕಾದರೂ ಎತ್ತಬಹುದು.

ಇನ್ನು ನೀವು ಮುನ್ನುಡಿಯಲ್ಲಿ ಎತ್ತಿದ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕಾಮಿಕ್ಸ್ ಕಂಪನಿ ಡಿಸಿಯ ಅನಿಮೇಷನ್ ಚಿತ್ರಮಾಲೆಯೇ ನಿಮಗೆ ಮಾದರಿ ಎಂದಿದ್ದೀರಿ. 2013ರ ‘ಫ್ಲಾಶ್‌ಪಾಯಿಂಟ್ ಪ್ಯಾರಡಾಕ್ಸ್‌’ನಿಂದ 2020ರ ‘ಅಪೊಕೊಲಿಪ್ಸ್ ವಾರ್‌’ವರೆಗೆ ಒಂದೇ ಜಗತ್ತಿನಲ್ಲಿ ನಡೆಯುವ ಚಿತ್ರಗಳು ಅವು. ಮಾದರಿ ಒಳ್ಳೆಯದೇ. ಆದರೆ ಅದರಿಂದ ನೀವು ಎತ್ತಿಕೊಂಡದ್ದು ಬಾಲದ ದೃಶ್ಯವನ್ನು. ನಿಜ, ಮೊದಲ ಚಿತ್ರದ ಹೆಸರುಗಳೆಲ್ಲ ಮುಗಿದ ಮೇಲೆ ಆಕಾಶದಲ್ಲಿ ದ್ವಾರ ತೆರೆದು ಶತ್ರುಪಡೆ ಬರುವುದನ್ನು ತೋರಿಸುತ್ತಾರೆ. ನಾನು ಆ ಚಿತ್ರವನ್ನು ನೆನೆಯುವುದು ಮಾತ್ರ ಒಂದು ಕಾಗದಕ್ಕಾಗಿ.

ಮಿಂಚಿನ ವೇಗದ ವೀರ ಫ್ಲಾಶ್, ಅಂದರೆ ಬ್ಯಾರಿ ಆಲನ್, ಹಿಂದಿನ ಕಾಲಕ್ಕೆ ಓಡಿ, ಕೊಲೆಯಾಗಿದ್ದ ತಾಯಿಯನ್ನು ಉಳಿಸಿಕೊಳ್ಳುತ್ತಾನೆ. ಅಷ್ಟಕ್ಕೇ ಇಡೀ ಜಗತ್ತು ಹದಗೆಡುತ್ತದೆ. ಆ ಕೆಟ್ಟ ಜಗತ್ತಿನಲ್ಲಿ ಮುಂದೆ ಬ್ಯಾಟ್‌ಮನ್ ಆಗಬೇಕಿದ್ದ ಬಾಲಕ ಬ್ರೂಸ್ ಸತ್ತಿದ್ದಾನೆ, ಅವನ ತಂದೆ ಥಾಮಸ್ ಬ್ಯಾಟ್‌ಮನ್ ಆಗಿದ್ದಾನೆ. ಎಲ್ಲವನ್ನೂ ಸರಿಪಡಿಸಲು ಬ್ಯಾರಿ ಮತ್ತೆ ಓಡಬೇಕಾದಾಗ ಥಾಮಸ್ ಮಗನಿಗೊಂದು ಕಾಗದ ಕೊಟ್ಟು ಕಳಿಸುತ್ತಾನೆ. ಈ ಜಗತ್ತಿನ ಬ್ರೂಸ್ ಅದನ್ನು ಓದಿ ಕಣ್ಣೀರು ಹಾಕುತ್ತಾನೆ. ಒಂದು ಜಗತ್ತೇ ಅಳಿಸಿಹೋಯಿತು, ಕಾಗದ ಮಾತ್ರ ಈಚೆಗೆ ಬಂತು. ಜಗತ್ತುಗಳನ್ನು ಕೂಡಿಸುವುದು ಎಂದರೆ ನನಗೆ ಇದು: ಒಂದು ಕಡೆ ಆದದ್ದರ ಭಾರವನ್ನು ಇನ್ನೊಂದು ಕಡೆ ಯಾರೋ ಒಬ್ಬರು ಹೊರಬೇಕು. ನಿಮ್ಮ ಏಳು ಗುಹೆಗಳಲ್ಲಿ ಬರೀ ಮುಂದಿನ ಚಿತ್ರದ ಡಂಗುರ ಇದೆ, ಹಿಂದಿನ ಚಿತ್ರದಿಂದ ಯಾರೂ ಏನನ್ನೂ ಹೊತ್ತು ತಂದಿಲ್ಲ.

ಇನ್ನೊಂದು ನೋಡಿ. ಸೂಪರ್‌ಮ್ಯಾನ್ ಡೂಮ್ಸ್‌ಡೇ ಎಂಬ ದೈತ್ಯನ ಕೈಯಲ್ಲಿ ಸಾಯುವ ಕಥೆಯನ್ನು ಡಿಸಿಯವರು 2007ರಲ್ಲೇ ಒಂದು ಬಿಡಿ ಚಿತ್ರವಾಗಿ ಮಾಡಿದ್ದರು. ಅದನ್ನೇ 2018 ಮತ್ತು 2019ರಲ್ಲಿ ಎರಡು ಭಾಗವಾಗಿ ಈ ಚಿತ್ರಮಾಲೆಯೊಳಗೆ ತಂದರು. ಎರಡನೆಯ ಸಲ ಸಾವು ಹೆಚ್ಚು ತಟ್ಟುತ್ತದೆ. ಅವನಿಗಿಂತ ಮೊದಲು ಒಬ್ಬೊಬ್ಬರಾಗಿ ನೆಲಕ್ಕುರುಳುವ ಸಂಗಾತಿಗಳನ್ನು ನಾವು 2014ರಿಂದ ಬಲ್ಲೆವು. ಬ್ಯಾಟ್‌ಮನ್ನನ ಮಗ ಡೇಮಿಯನ್‌ನದೂ ಹಾಗೆಯೇ. ಕೊಲೆಗಾರರ ನಡುವೆ ಬೆಳೆದ ಉದ್ಧಟ ಹುಡುಗನಾಗಿ 2014ರಲ್ಲಿ ಕಾಲಿಟ್ಟವನು, ಚಿತ್ರದಿಂದ ಚಿತ್ರಕ್ಕೆ ಬೆಳೆದು, ಕೊನೆಯದರಲ್ಲಿ ಖಳನಾಯಕ ಡಾರ್ಕ್‌ಸೈಡನ ವಶವಾಗಿರುವ ತಂದೆಯ ಎದುರೇ ನಿಲ್ಲಬೇಕಾಗುತ್ತದೆ. ನಮ್ಮ ಯಕ್ಷಗಾನದ ಪ್ರಸಂಗಗಳೂ ಇದನ್ನು ಬಲ್ಲವು. ಅಭಿಮನ್ಯು ಒಂದೇ ರಾತ್ರಿಯಲ್ಲಿ ಹುಟ್ಟಿ ಬಂದ ಪಾತ್ರವಲ್ಲ. ಅವನ ತಾಯಿ, ಮಾವ, ಹೆಂಡತಿ ಎಲ್ಲರನ್ನೂ ಬೇರೆ ಬೇರೆ ಪ್ರಸಂಗಗಳಲ್ಲಿ ಕಂಡವರು ರಂಗಸ್ಥಳದ ಮುಂದೆ ಕೂತಿರುತ್ತಾರೆ. ಆದರೂ ಆ ರಾತ್ರಿಯ ಆಟ ಆ ರಾತ್ರಿಗೇ ಪೂರ್ತಿಯಾಗಬೇಕು.

ಆ ಮಾಲೆಯಲ್ಲಿ ನಾನು ಒಪ್ಪದ ಒಂದು ವಿಷಯವೂ ಇದೆ. ಕೊನೆಯ ಚಿತ್ರದಲ್ಲಿ ಮತ್ತೆ ಅದೇ ಫ್ಲಾಶ್‌ನನ್ನು ಓಡಿಸಿ ಎಲ್ಲವನ್ನೂ ಹೊಸದಾಗಿ ಶುರುಮಾಡಲು ಬಿಡುತ್ತಾರೆ. ಅಷ್ಟು ವರ್ಷ ಹೊರಿಸಿದ ಭಾರವನ್ನೆಲ್ಲ ಒಂದೇ ಓಟದಲ್ಲಿ ಇಳಿಸಿಬಿಟ್ಟಂತೆ ನನಗೆ ಅನ್ನಿಸಿತು. ನಿಮ್ಮ ಎಂಟನೇ ಚಿತ್ರವೂ ಹಾಗೇ ಮುಗಿಯುತ್ತದೆ: ಕಾಲಾಂತಕ ಸತ್ತೊಡನೆ ಏಳೂ ಕೆರೆಗಳು ತಿಳಿನೀರಿನಿಂದ ತುಂಬುತ್ತವೆ. ದಯವಿಟ್ಟು ಬೇಡ. ಧರ್ಮಾಂಬುಧಿಯ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಅದು ತುಂಬುವುದಿಲ್ಲ.

ನನಗೆ ಅತಿ ಹೆಚ್ಚು ಬೇಸರವಾದದ್ದೂ ಧರ್ಮಾಂಬುಧಿಯ ವಿಷಯದಲ್ಲೇ. ಆ ಕೆರೆಯ ವೀರ, ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯ ಹುಡುಗ ಮಂಜ. ಅವನ ಬಗ್ಗೆ ನೀವು ಬರೆದದ್ದು ಎರಡೇ ಪದ, ‘ಅಪಾರ ಬಲ’. ಕೆರೆಯೇ ಇಲ್ಲದ ಕೆರೆಯಿಂದ ಶಕ್ತಿ ಬಂದ ಹುಡುಗ! ಉಳಿದ ಆರು ಮಂದಿಗಿಂತ ಇವನ ಕಥೆಯೇ ನನಗೆ ಬೇಕು. ಜೋರು ಮಳೆ ಬಂದಾಗ ತಗ್ಗಿಗೆ ನುಗ್ಗುವ ನೀರು ತನ್ನ ಹಳೇ ಜಾಗ ಹುಡುಕುತ್ತಿರುವುದು ಅವನೊಬ್ಬನಿಗೆ ಗೊತ್ತಾಗುತ್ತದೆಯೇ? ಅಂದಹಾಗೆ ಸಂಪಂಗಿ ಕೆರೆ ನಿಮ್ಮ ಪಟ್ಟಿಯಲ್ಲಿಲ್ಲ. ಅದರ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ, ಉಳಿದಿರುವ ಪುಟ್ಟ ಕೊಳದ ಬಳಿಗೆ ಕರಗದವರು ಇಂದಿಗೂ ಬರುತ್ತಾರೆ. ಮಂಜನಿಗೆ ಅಲ್ಲೊಬ್ಬ ಗೆಳೆಯ ಸಿಗಬಹುದು.

ಈ ಕೆರೆಗಳನ್ನು ನೀವು ನಕ್ಷೆಯ ಮೇಲಿನ ಏಳು ಚುಕ್ಕೆಗಳಂತೆ ಆರಿಸಿಕೊಂಡಿದ್ದೀರಿ. ಅವು ಬಿಡಿಬಿಡಿಯಾಗಿ ಇಲ್ಲ. ಬೆಂಗಳೂರು ದಿಬ್ಬದ ಮೇಲೆ ಕೂತ ಊರು. ಹಲಸೂರಿನ ಕೋಡಿ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೆಂಪಾಂಬುಧಿಯ ಕಡೆಯದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಮುಂದೆ ಕಾವೇರಿಗೆ. ಅಂದರೆ ನಿಮ್ಮ ವೀರರು ದಿಬ್ಬದ ಎರಡು ಮಗ್ಗುಲಿನವರು, ಅವರ ನೀರು ಈ ಊರಿನಲ್ಲಿ ಎಂದೂ ಕೂಡುವುದಿಲ್ಲ. ಚಂದ್ರಿಯ ಕೊಳಾಯಿಯಲ್ಲಿ ಬರುವುದು ಮಾತ್ರ ಸುಮಾರು ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತಂದ ಕಾವೇರಿ. ಬಳಸಿ ಚೆಲ್ಲಿದ ಮೇಲೆ ಅದು ಬೆಳ್ಳಂದೂರಿನತ್ತ ಇಳಿಯುತ್ತದೆ. ಎರಡೂ ಮಗ್ಗುಲನ್ನು ಕೇಳಿಸಿಕೊಳ್ಳಬಲ್ಲವಳು ಅವಳೊಬ್ಬಳೇ. ನಿಮಗೆ ಬೇಕಾದ ಕೂಡುಜಗತ್ತನ್ನು ಈ ನೆಲವೇ ಕಟ್ಟಿಟ್ಟಿದೆ, ಗುಹೆಯ ಮನುಷ್ಯನನ್ನು ಬಿಟ್ಟುಬಿಡಿ.

ಉದಾಹರಣೆಗೆ, ಮೊದಲ ಚಿತ್ರದ ಕೊನೆಗೆ ಹಲಸೂರನ್ನು ಉಳಿಸಲು ಚಂದ್ರಿ ತೂಬು ಎತ್ತಿಬಿಡುತ್ತಾಳೆ ಎನ್ನಿ. ಬೀದಿಯವರೆಲ್ಲ ಅವಳನ್ನು ಹೊಗಳುತ್ತಾರೆ, ಚಿತ್ರ ಮುಗಿಯಿತು. ಎರಡನೆಯದು ಮರುದಿನ ಬೆಳಿಗ್ಗೆ ಬೆಳ್ಳಂದೂರಿನಲ್ಲಿ ಶುರುವಾಗುತ್ತದೆ. ರಸ್ತೆಯ ಮೇಲೆ ಆಳೆತ್ತರದ ನೊರೆ. ಆ ಕೆರೆಗೆ 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಬೆಂಕಿ ಹೊತ್ತಿದ್ದನ್ನು ಕಂಡ ನಿಮ್ಮ ಬೆಳ್ಳಂದೂರಿನ ವೀರ ಲಿಂಗರಾಜು ಕೇಳುತ್ತಾನೆ, “ಮೇಲ್ಗಡೆ ತೂಬು ಎತ್ತಿದ್ದು ಯಾವನು?” ನಿಮ್ಮ ಇಬ್ಬರು ವೀರರು ಮೊದಲ ಸಲ ಭೇಟಿಯಾಗುವುದು ಜಗಳದಲ್ಲಿ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಎರಡನೇ ಚಿತ್ರ ನೋಡಲು ಜನ ಬರುವುದು ಇದಕ್ಕೆ.

ಸಂಭಾಷಣೆಯ ಬಗ್ಗೆ ಒಂದು ಮಾತು. ಹನ್ನೆರಡನೇ ಪುಟದ ಚಂದ್ರಿ ಮೂವತ್ತನೇ ಪುಟಕ್ಕೆ ಬರುವಷ್ಟರಲ್ಲಿ “ದುಷ್ಟಶಕ್ತಿಯೇ, ಈ ನಗರವನ್ನು ಮುಟ್ಟುವ ಮುನ್ನ ನನ್ನನ್ನು ಎದುರಿಸು” ಎನ್ನುತ್ತಾಳೆ. ಅವಳಿಗೆ ಕೋಪ ಬಂದರೆ ಹೇಗೆ ಮಾತಾಡುತ್ತಾಳೆಂದು ನಿಮಗೆ ಗೊತ್ತಿದೆ. ಹಾಗೇ ಮಾತಾಡಿಸಿ.

“ಅವಳ ಮನದಲ್ಲಿ ನಗರದ ನೋವೆಲ್ಲ ಮಡುಗಟ್ಟಿತು” ಎಂಬ ಸಾಲನ್ನು ಸ್ಟೋರಿಬೋರ್ಡ್ ಮಾಡುವವರು ಹೇಗೆ ಬಿಡಿಸಬೇಕು? ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸಿದರೂ ಸೆಕೆಂಡಿಗೆ ಹನ್ನೆರಡು ಚಿತ್ರ ಬೇಕು, ಅಷ್ಟನ್ನೂ ಯಾರೋ ಕೂತು ಬಿಡಿಸಬೇಕು. ಅವರ ಕೈಗೆ ಕಣ್ಣಿಗೆ ಕಾಣುವುದನ್ನು ಕೊಡಿ: ಅಡುಗೆಮನೆಯ ನಲ್ಲಿ ತಿರುಗಿಸಲು ಹೋದ ಚಂದ್ರಿ ಏನೋ ಕೇಳಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಸಾವಿರಾರು ಜನ ಓಡುವ ದೃಶ್ಯ ಮೂರು ಸಲ ಇದೆ, ಒಂದು ಸಾಕು.

ನಮ್ಮ ವಿಶೇಷಾಂಕಕ್ಕೆ ಚಿತ್ರಕಥೆಗಳ ಆಯ್ಕೆ ಇನ್ನೂ ಮುಗಿದಿಲ್ಲ. ನನಗೆ ಮೊದಲ ಚಿತ್ರವೊಂದೇ ಬೇಕು, ಕಾಲಾಂತಕನಿಲ್ಲದೆ, ಗುಹೆಯಿಲ್ಲದೆ. ಹನ್ನೆರಡನೇ ಪುಟದ ಒಂದಕ್ಷರವನ್ನೂ ಬದಲಿಸಬೇಡಿ. ಜೊತೆಗೆ ಚಂದ್ರಿ ಮತ್ತು ಲಿಂಗರಾಜುವಿನ ಜಗಳವನ್ನು ಬಿಡಿ ದೃಶ್ಯವಾಗಿ ಬರೆದು ಕಳಿಸಿ. ಬರೆಯುವ ಮುನ್ನ ಹಲಸೂರಿನಿಂದ ಬೆಳ್ಳಂದೂರಿನವರೆಗೆ ಕಾಲುವೆ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಹೋಗಿ ನೋಡಿಬನ್ನಿ. ಮಂಜನ ಕಥೆಯ ಬಗ್ಗೆ ಏನಾದರೂ ಹೊಳೆದರೆ ಅರ್ಧ ಪುಟವಾದರೂ ಸರಿ, ಅದನ್ನೂ ಲಕೋಟೆಗೆ ಸೇರಿಸಿ.

ಇಂತಿ,
ಸಂಪಾದಕರು, ಚಿತ್ರಕಥಾ ವಿಭಾಗ
ಬೆಂಗಳೂರು